ತಿರುಗುವ ಸಭೆ: ಸೇವಾ ಕ್ಲಬ್‌ಗಳಲ್ಲಿ ಒಡನಾಟ ಬೆಳೆಯುವುದು ಹೇಗೆ?

ನಮ್ಮ ಮಲೆನಾಡಿನ ಪೇಟೆಗಳಲ್ಲಿ ಬಸ್ ತಂಗುದಾಣದ ಮೇಲೋ, ಶಾಲೆಯ ಕುಡಿಯುವ ನೀರಿನ ಟ್ಯಾಂಕಿನ ಮೇಲೋ ಹಲ್ಲುಗಳಿರುವ ಒಂದು ಚಕ್ರದ ಗುರುತನ್ನು ನೀವು ನೋಡಿರುತ್ತೀರಿ. ಕೆಲವು ಕಡೆ ಚಕ್ರದ ಬದಲು ಸಿಂಹದ ಮುಖ ಇರುತ್ತದೆ. ಚಕ್ರ ರೋಟರಿಯದು, ಸಿಂಹ ಲಯನ್ಸ್‌ನದು. ಇವುಗಳನ್ನು ಸೇವಾ ಕ್ಲಬ್ ಎನ್ನುತ್ತಾರೆ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ನೋಟ್ ಬುಕ್ ವಿತರಣೆ ಇವೆಲ್ಲ ನಮಗೆ ಗೊತ್ತು. ಈ ಲೇಖನ ಆ ಸೇವೆಯ ಬಗ್ಗೆ ಅಲ್ಲ. ಸೇವೆ ಮಾಡುವ ಮೂವತ್ತು ನಲವತ್ತು ಜನ ತಮ್ಮತಮ್ಮೊಳಗೆ ಹೇಗಿರುತ್ತಾರೆ ಎಂಬುದರ ಬಗ್ಗೆ. ಕ್ಲಬ್‌ನವರು ಅದಕ್ಕೆ 'ಫೆಲೋಶಿಪ್' ಎನ್ನುತ್ತಾರೆ. ನಮ್ಮ ಕಾಲೇಜಿನಲ್ಲೂ ಇಂಥದೊಂದು ವಿದ್ಯಾರ್ಥಿ ಘಟಕ ಆರಂಭಿಸುವ ಮಾತು ನಡೆಯುತ್ತಿರುವುದರಿಂದ ಈ ವಿಷಯವನ್ನು ಆರಿಸಿಕೊಂಡೆ.

ಫೆಲೋಶಿಪ್ ಎಂಬುದಕ್ಕೆ ಕನ್ನಡದಲ್ಲಿ ಸಹಭಾವ, ಸೌಹಾರ್ದ ಎಂದೆಲ್ಲ ಬರೆಯುತ್ತಾರೆ. ನನಗೆ ಸರಿ ಎನಿಸಿದ ಪದ ಒಡನಾಟ. ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಯಾರದಾದರೂ ಜೊತೆ ಬಳಕೆ ಇದೆ ಎನ್ನಬೇಕಾದರೆ ಅಮ್ಮಿ 'ಉಠ್ನಾ-ಬೈಠ್ನಾ ಹೈ' ಎನ್ನುತ್ತಾರೆ. ಅಂದರೆ ಅವರ ಜೊತೆ ಏಳುವುದು, ಕೂರುವುದು ಇದೆ ಎಂದು. ಎರಡೂ ಭಾಷೆಯಲ್ಲಿ ಈ ಪದ ಹುಟ್ಟಿರುವುದು ಮೈ ಅಲುಗಾಡುವ ಕೆಲಸದಿಂದ. ಭಾಷಣದಿಂದ ಹುಟ್ಟಿದ ಪದ ಅಲ್ಲ.

ಈಗ ಆ ಚಕ್ರದ ಕಥೆ ನೋಡೋಣ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ನಾಲ್ವರು ಸೇರಿದರು. ಕರೆದವರು ಪಾಲ್ ಹ್ಯಾರಿಸ್ ಎಂಬ ವಕೀಲ. ಬಂದವರು ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ದರ್ಜಿ ಅಂಗಡಿಯ ಹೈರಮ್ ಶೋರಿ. ಸಭೆ ನಡೆದದ್ದು ಲೋರ್ ಅವರ ಕಚೇರಿಯಲ್ಲೇ. ಹ್ಯಾರಿಸ್ ಬಾಲ್ಯ ಕಳೆದದ್ದು ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಶಿಕಾಗೋದಲ್ಲಿ ಕಕ್ಷಿದಾರರಿದ್ದರು, ಗೆಳೆಯರಿರಲಿಲ್ಲ. ಊರಿನ ಬಳಕೆಯನ್ನು ನಗರದಲ್ಲಿ ಮತ್ತೆ ಕಟ್ಟಿಕೊಳ್ಳಬೇಕೆಂಬ ಆಸೆಯಿಂದ ಈ ಕ್ಲಬ್ ಶುರುವಾಯಿತು. ಒಂದು ಸಲ ಒಬ್ಬರ ಕಚೇರಿಯಲ್ಲಿ, ಇನ್ನೊಂದು ಸಲ ಇನ್ನೊಬ್ಬರಲ್ಲಿ ಸಭೆ. ಹೀಗೆ ಸರದಿಯಂತೆ ತಿರುಗುತ್ತಿದ್ದುದರಿಂದಲೇ 'ರೋಟರಿ' ಎಂಬ ಹೆಸರು ಬಂತು. ಬಸ್ ತಂಗುದಾಣದ ಮೇಲಿನ ಚಕ್ರವನ್ನು ಯಂತ್ರದ ಚಿತ್ರ ಎಂದುಕೊಂಡಿದ್ದವರು ಈ ಮಾತನ್ನು ಗಮನಿಸಬೇಕು. ಹೆಸರಿನಲ್ಲಿರುವುದು ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ಹೋಗುವ ಸಭೆ. ಐದನೆಯವರಾಗಿ ಸೇರಿದ ಮುದ್ರಕ ಹ್ಯಾರಿ ರಗಲ್ಸ್ ಸಭೆಯಲ್ಲಿ ಎಲ್ಲರಿಂದ ಹಾಡು ಹಾಡಿಸುವ ರೂಢಿ ತಂದರು.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೊದಲ ದಿನಗಳಲ್ಲಿ ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಕೊಡುವುದೂ ಕ್ಲಬ್‌ನ ಉದ್ದೇಶವಾಗಿತ್ತು. ಒಂದು ಕಸುಬಿನಿಂದ ಒಬ್ಬರನ್ನೇ ಸೇರಿಸಿಕೊಳ್ಳುತ್ತಿದ್ದರು. ಹೀಗಾಗಿ ಒಳಗೆ ಪೈಪೋಟಿ ಇಲ್ಲ. 1906ರಲ್ಲಿ ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರನ್ನು ಕರೆದಾಗ, ತಮ್ಮ ಸದಸ್ಯರಿಗೆ ಮಾತ್ರ ಲಾಭವಾಗುವ ಕ್ಲಬ್ ಬಹುಕಾಲ ಬಾಳುವುದಿಲ್ಲ, ಊರಿಗೂ ಏನಾದರೂ ಮಾಡಬೇಕು ಎಂಬ ಅಭಿಪ್ರಾಯವನ್ನು ಅವರು ಮುಂದಿಟ್ಟರು. ಮರುವರ್ಷ ಶಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಕೆಲಸಕ್ಕೆ ಕ್ಲಬ್ ಕೈಹಾಕಿತು. 1917ರಲ್ಲಿ ಲಯನ್ಸ್ ಹುಟ್ಟಿದ್ದೂ ಅದೇ ನಗರದಲ್ಲಿ. ಅದಕ್ಕೆ ಕಾರಣರಾದ ಮೆಲ್ವಿನ್ ಜೋನ್ಸ್ ವಿಮಾ ವ್ಯವಹಾರದವರು, ಅವರೂ ಒಂದು ವ್ಯಾಪಾರಿಗಳ ಕೂಟದಿಂದ ಬಂದವರೇ. ಅಂದರೆ ಮೊದಲು ಒಡನಾಟ, ಆಮೇಲೆ ಸೇವೆ. ಈಗ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಸೇವೆಯ ಫೋಟೊ ಪತ್ರಿಕೆಗೆ ಹೋಗುತ್ತದೆ, ಒಡನಾಟ ತಾನಾಗಿಯೇ ಆದೀತು ಎಂದು ಬಿಟ್ಟುಬಿಡುತ್ತೇವೆ.

ನಮ್ಮ ಕಡೆ ಅದು ತಾನಾಗಿ ಆಗುವುದಿಲ್ಲ. ಕಾರಣ ನಮ್ಮ ನೆಲ. ಕಳಸದಿಂದ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ಕಾಫಿ ತೋಟದ ಮನೆಗಳು ಒಂದರಿಂದ ಒಂದು ದೂರ ದೂರ. ಗೇಟಿನಿಂದ ಮನೆಗೇ ಒಂದು ಮೈಲಿ ಇರುವ ತೋಟಗಳುಂಟು. ಹಿಂದೆ ಯುರೋಪಿಯನ್ ತೋಟಗಾರರು ಈ ಒಂಟಿತನ ತಡೆಯಲಾರದೆಯೇ ತಮ್ಮ ಕ್ಲಬ್‌ಗಳನ್ನು ಕಟ್ಟಿಕೊಂಡರು. ಚಿಕ್ಕಮಗಳೂರಿನ ಕಡೂರು ಕ್ಲಬ್, ಸಕಲೇಶಪುರದ ಮಂಜರಾಬಾದ್ ಕ್ಲಬ್ ಈಗಲೂ ಇವೆ. ಆದರೆ ಅವು ಒಂದೇ ಕಸುಬಿನವರು, ಒಂದೇ ಅಂತಸ್ತಿನವರು ಸೇರಲು ಕಟ್ಟಿದ ಜಾಗಗಳು. ಸೇವಾ ಕ್ಲಬ್‌ನಲ್ಲಿ ತೋಟದ ಮಾಲೀಕರು, ಔಷಧಿ ಅಂಗಡಿಯವರು, ಮೇಷ್ಟ್ರು, ಬ್ಯಾಂಕ್ ಮ್ಯಾನೇಜರ್, ಮೆಣಸಿನ ವ್ಯಾಪಾರಿ ಎಲ್ಲ ಒಂದೇ ಸಾಲಿನಲ್ಲಿ ಕೂರಬೇಕು. ಬೇರೆಲ್ಲೂ ಇವರೆಲ್ಲ ಹೀಗೆ ಕೂರುವುದಿಲ್ಲ. ಬ್ಯಾಂಕಿನಲ್ಲಿ ಒಬ್ಬರು ಮೇಜಿನ ಆಚೆ, ಇನ್ನೊಬ್ಬರು ಈಚೆ.

ಕುದುರೆಮುಖದ ಟೌನ್‌ಶಿಪ್‌ ಇದಕ್ಕೆ ಬೇರೆ ರೀತಿಯ ಪಾಠ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರ ಏಪ್ರಿಲ್ 2ರಂದು ಸ್ಥಾಪನೆಯಾಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಮಲ್ಲೇಶ್ವರದಲ್ಲಿ ಕಾಡಿನ ನಡುವೆ ಒಂದು ಊರನ್ನೇ ಕಟ್ಟಿದರು. ಅದಿರಿನ ಪುಡಿ ನೀರಿನೊಂದಿಗೆ ಬೆರೆತು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿದು ಹೋಗುತ್ತಿತ್ತು. ಬೇರೆ ಬೇರೆ ಊರು, ಭಾಷೆ, ಧರ್ಮದ ಕುಟುಂಬಗಳು ಅಕ್ಕಪಕ್ಕದ ಕ್ವಾರ್ಟರ್ಸ್‌ಗಳಲ್ಲಿ ಬದುಕಿದವು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊರಗೆ ಕಾಲಿಡಲಾಗದ ಜಾಗದಲ್ಲಿ ಪಕ್ಕದ ಮನೆಯವರೇ ನೆಂಟರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಜನ ಹೊರಟರು, ಸಾಲು ಸಾಲು ಮನೆಗಳು ಖಾಲಿಯಾದವು. ಗಣಿ ನಿಲ್ಲಬೇಕಿತ್ತೇ ಎಂಬ ಚರ್ಚೆ ಇಲ್ಲಿ ಬೇಡ. ಕಾಡು, ಭದ್ರಾ ನದಿ ಉಳಿಯಬೇಕಿತ್ತು ಎಂಬುದು ನನ್ನ ಅಭಿಪ್ರಾಯವೂ ಹೌದು. ನಾನು ಹೇಳುತ್ತಿರುವುದು ಇಷ್ಟು: ಅಲ್ಲಿ ಒಡನಾಟಕ್ಕೆ ಬೇಕಾದ ಜಾಗ, ಸಮಯ, ಹತ್ತಿರದ ಮನೆ ಎಲ್ಲವನ್ನೂ ಒಂದು ಕಂಪನಿ ಒದಗಿಸಿತ್ತು. ಕಂಪನಿ ಕೆಲಸ ಮುಗಿಸಿದಾಗ ಅವೂ ಮುಗಿದವು. ಸೇವಾ ಕ್ಲಬ್‌ಗೆ ಅಂಥ ಕಂಪನಿ ಇಲ್ಲ. ಜಾಗವನ್ನೂ ಸಮಯವನ್ನೂ ಸದಸ್ಯರೇ ಮಾಡಿಕೊಳ್ಳಬೇಕು.

ಸಮಯದ ಮಾತಿಗೆ ಬಂದರೆ ನಗು ಬರುವ ವಿಷಯವೊಂದಿದೆ. ರೋಟರಿಯ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಂದರೆ ಹೊಸ ಅಧ್ಯಕ್ಷರ ಪದಗ್ರಹಣ, ಹೊಸ ಸದಸ್ಯರ ಸ್ವಾಗತ ಎಲ್ಲ ನಮ್ಮಲ್ಲಿ ಜಡಿಮಳೆಯ ತಿಂಗಳಲ್ಲಿ. ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ಅರ್ಧ ಸದಸ್ಯರು ಬಂದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ತೋಟದವರಿಗೆ ಪುರುಸೊತ್ತಿಲ್ಲ, ಖರೀದಿ ವ್ಯಾಪಾರಿಗಳಿಗಂತೂ ಊಟಕ್ಕೂ ಹೊತ್ತಿಲ್ಲ. ಹೂಮಳೆ ಬಿದ್ದ ಮೇಲೆ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಸ್ವಲ್ಪ ಬಿಡುವು, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಮ್ಮ ಕಡೆಯ ಕ್ಲಬ್ ಒಡನಾಟದ ಕಾರ್ಯಕ್ರಮಗಳನ್ನು ಈ ಐದು ತಿಂಗಳಿಗೆ ಹಾಕಿಕೊಂಡರೆ ಜನ ಸೇರುತ್ತಾರೆ. ಕ್ಯಾಲೆಂಡರ್ ಶಿಕಾಗೋದ್ದಾದರೂ ಮಳೆ ನಮ್ಮದು.

ಇನ್ನು ಕಷ್ಟದ ಮಾತು. ಕ್ಲಬ್‌ಗಳ ಆಹ್ವಾನ ಪತ್ರಿಕೆಯಲ್ಲಿ ಕೊನೆಗೆ 'ಸಭೆಯ ನಂತರ ಫೆಲೋಶಿಪ್' ಎಂದು ಅಚ್ಚಾಗಿರುವುದುಂಟು. ಅದರ ಅರ್ಥ ಊಟ. ಎಷ್ಟೋ ಕಡೆ ಊಟಕ್ಕೆ ಮೊದಲು ಗ್ಲಾಸು. ಒಡನಾಟ ಎಂಬಷ್ಟು ದೊಡ್ಡ ಪದ ಸವೆದು ಸವೆದು ಇಷ್ಟಕ್ಕೆ ಬಂದಿದೆ. ಕುಡಿಯುವವರ ಬಗ್ಗೆ ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಲೆಕ್ಕದ ದೃಷ್ಟಿಯಿಂದ ನೋಡೋಣ: ಗ್ಲಾಸು ಬಂದ ಕೂಡಲೇ ಯಾರು ಯಾರು ಎದ್ದು ಹೋಗುತ್ತಾರೆ? ಮುಸ್ಲಿಮರು, ಮನೆಯವರನ್ನು ಕರೆದುಕೊಂಡು ಬಂದವರು, ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಬೇಕಾದವರು, ವ್ರತದಲ್ಲಿರುವವರು, ಹೆಣ್ಣುಮಕ್ಕಳು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಸದಸ್ಯರು ಊಟದ ಹೊತ್ತಿಗೇ ಹೊರಟಿರುತ್ತಾರೆ. ಉಳಿದವರು ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ, ನಿಜ. ಆದರೆ ಆ ಹತ್ತಿರ ಕ್ಲಬ್‌ನ ಅರ್ಧಕ್ಕೆ ಮಾತ್ರ.

ಲೆಕ್ಕ ಎಂದೆನಲ್ಲ, ನಿಜವಾಗಿ ಒಂದು ಲೆಕ್ಕ ಮಾಡೋಣ. ಇದು ಪಠ್ಯಪುಸ್ತಕದ ಲೆಕ್ಕದ ಹಾಗೆ ಕಲ್ಪಿಸಿಕೊಂಡ ಕ್ಲಬ್. ಸದಸ್ಯರು 30, ವಾರ್ಷಿಕ ಚಂದಾ ತಲಾ ₹6,000. ಒಟ್ಟು ಆದಾಯ ₹1,80,000. ತಿಂಗಳಿಗೆ ಎರಡು ಸಭೆ, ವರ್ಷಕ್ಕೆ 24. ರೆಸಾರ್ಟಿನಲ್ಲಿ ತಲಾ ₹250ರ ಊಟ ಎಂದರೆ ಒಂದು ಸಭೆಗೆ ₹7,500, ವರ್ಷಕ್ಕೆ ₹1,80,000. ಚಂದಾ ಪೂರ್ತಿ ಊಟಕ್ಕೇ ಹೋಯಿತು. ಸೇವೆಗೆ ಮತ್ತೆ ವಸೂಲಿ ಆಗಬೇಕು. ಅದೇ ಸಭೆಯನ್ನು ಸದಸ್ಯರ ಅಂಗಡಿಯಲ್ಲೋ ಮನೆಯಂಗಳದಲ್ಲೋ ಮಾಡಿ, ಕಾಫಿ, ಅವಲಕ್ಕಿ, ಬಾಳೆಹಣ್ಣು ಎಂದು ತಲಾ ₹40 ಇಟ್ಟರೆ ವರ್ಷಕ್ಕೆ ₹28,800. ಉಳಿಯುವುದು ₹1,51,200. ಅಥವಾ ಚಂದಾವನ್ನೇ ಇಳಿಸಬಹುದು. ಆಗ ಸೈಕಲ್ ರಿಪೇರಿಯವರೂ, ತೋಟದ ರೈಟರೂ ಸದಸ್ಯರಾಗಲು ಸಾಧ್ಯ. ಕಾಫಿ, ಅವಲಕ್ಕಿ, ಬಾಳೆಹಣ್ಣಿನ ಇನ್ನೊಂದು ಗುಣ, ಅದನ್ನು ಸಂಜೆ ಐದಕ್ಕೆ ಇಟ್ಟರೆ ಯಾವ ಧರ್ಮದವರೂ ತಟ್ಟೆ ದೂಡಬೇಕಾಗಿಲ್ಲ. ರಂಜಾನ್ ಮಾತ್ರ ಬೇರೆ. ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುವುದರಿಂದ ಮುಸ್ಲಿಂ ಸದಸ್ಯರೇ ದಿನಾಂಕ ಹೇಳಿ, ಆ ತಿಂಗಳು ಒಂದು ಸಭೆಯನ್ನು ಇಫ್ತಾರ್ ಹೊತ್ತಿಗೆ ತಮ್ಮಲ್ಲಿಗೆ ಕರೆಯಬಹುದು.

ಇದನ್ನೆಲ್ಲ ನಾನು ಬರೆಯಲು ನಮ್ಮ ಮನೆಯ ಅನುಭವವೂ ಕಾರಣ. ಅಬ್ಬಾ ಕಾಳುಮೆಣಸು, ಕಾಫಿ ಖರೀದಿಸುವ ಸಣ್ಣ ವ್ಯಾಪಾರಿ. ಒಂದು ಸೇವಾ ಕ್ಲಬ್‌ನಲ್ಲಿ ಎರಡು ವರ್ಷ ಸದಸ್ಯರಾಗಿದ್ದರು. ರಾಷ್ಟ್ರಗೀತೆ ಮುಗಿದ ಕೂಡಲೇ ಮನೆಗೆ ಬರುತ್ತಿದ್ದರು. ಕುಟುಂಬ ಸಮ್ಮಿಲನಕ್ಕೆ ಒಮ್ಮೆ ಅಮ್ಮಿಯೂ ಹೋದರು. ಅಲ್ಲಿ ಎಲ್ಲರೂ ಅವರನ್ನು ಕೇಳಿದ್ದು ನೀವು ಯಾರ ಮಿಸೆಸ್ ಎಂದು, ಹೆಸರನ್ನು ಯಾರೂ ಕೇಳಲಿಲ್ಲ. ಮೆಣಸಿನ ಬೆಲೆ ಬಿದ್ದ ವರ್ಷ ಅಬ್ಬಾ ಸಭೆಗೆ ಹೋಗುವುದನ್ನು ನಿಲ್ಲಿಸಿದರು. ಆಗ ವಾಟ್ಸಾಪ್‌ನಲ್ಲಿ ಬಂದದ್ದು ಒಂದೇ ಸಂದೇಶ, ಚಂದಾ ಬಾಕಿ ಎಷ್ಟು ಎಂಬುದು. ಮೂರು ತಿಂಗಳಾದ ಮೇಲೆ ಅದೇ ಕ್ಲಬ್‌ನ ಒಬ್ಬ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದು, ಗೋಣಿಚೀಲದ ಮೇಲೆ ಕೂತು, ಒಂದು ಗಂಟೆ ಮಾತಾಡಿ ಹೋದರು. ಬಾಕಿಯ ಮಾತು ಎತ್ತಲಿಲ್ಲ. 'ಭಾಯ್, ಬರ್ತಾ ಇರಿ' ಎಂದಷ್ಟೇ ಹೇಳಿದರು. ಅಬ್ಬಾ ಮತ್ತೆ ಸದಸ್ಯರಾಗಲಿಲ್ಲ. ಆದರೆ ಆ ಕ್ಲಬ್‌ನ ರಕ್ತದಾನ ಶಿಬಿರಕ್ಕೆ ಈಗಲೂ ತಪ್ಪದೆ ಹೋಗುತ್ತಾರೆ, ಮೇಷ್ಟ್ರಿಗೋಸ್ಕರ.

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕ ಬರೆಯುವಾಗ ಬರಬೇಕಾದ ಚಂದಾವನ್ನು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ತೋರಿಸುತ್ತೇವೆ. ಚಂದಾ ಕೊಡಬೇಕಾದ ಮನುಷ್ಯ ಬರುತ್ತಿಲ್ಲ ಎಂಬುದನ್ನು ತೋರಿಸಲು ಯಾವ ಕಾಲಮ್ಮೂ ಇಲ್ಲ. ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಎಂಬುದೊಂದಿದೆ. ಸಂಸ್ಥೆ ನಡೆಯುತ್ತಿರುವಷ್ಟು ದಿನ ಅದರ ಬೆಲೆ ಕಟ್ಟುವ ಗೋಜಿಗೆ ಯಾರೂ ಹೋಗುವುದಿಲ್ಲ. ಪಾಲುದಾರ ಸೇರುವಾಗ, ನಿವೃತ್ತನಾಗುವಾಗ, ತೀರಿಕೊಂಡಾಗ ಲೆಕ್ಕ ಹಾಕುತ್ತೇವೆ. ಕ್ಲಬ್‌ಗಳಲ್ಲೂ ಬಹುತೇಕ ಹಾಗೆಯೇ.

ಗುಡ್‌ವಿಲ್ ಎಂದಾಗ ಹರ್ಬರ್ಟ್ ಟೇಲರ್ ಅವರ ಹೆಸರು ಹೇಳಲೇಬೇಕು. 1932ರಲ್ಲಿ, ಜಗತ್ತಿನ ವ್ಯಾಪಾರವೆಲ್ಲ ಕುಸಿದಿದ್ದ ಕಾಲದಲ್ಲಿ, ದಿವಾಳಿ ಅಂಚಿಗೆ ಬಂದಿದ್ದ ಕ್ಲಬ್ ಅಲ್ಯೂಮಿನಿಯಂ ಎಂಬ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸುವ ಹೊಣೆ ಅವರದಾಯಿತು. (ಹೆಸರಿನಲ್ಲಿ ಕ್ಲಬ್ ಇದ್ದರೂ ಅದು ಪಾತ್ರೆಯ ಕಂಪನಿಯೇ.) ಅವರು ನೌಕರರಿಗಾಗಿ ನಾಲ್ಕು ಪ್ರಶ್ನೆಗಳನ್ನು ಬರೆದರು. ಸತ್ಯ, ನ್ಯಾಯ, ಸ್ನೇಹ, ಎಲ್ಲರ ಹಿತ ಈ ನಾಲ್ಕರ ಬಗ್ಗೆ. ಮೂರನೆಯದು, ನಾವು ಮಾಡುವ ಕೆಲಸದಿಂದ ಸದ್ಭಾವನೆಯೂ ಗೆಳೆತನವೂ ಬೆಳೆಯುತ್ತದೆಯೇ ಎಂದು ಕೇಳುತ್ತದೆ. ಜಾರಿಗೆ ತರುವ ಮೊದಲು ಅವರು ಅದನ್ನು ತಮ್ಮ ನಾಲ್ವರು ವಿಭಾಗ ಮುಖ್ಯಸ್ಥರಿಗೆ ತೋರಿಸಿದರು. ಒಬ್ಬರು ರೋಮನ್ ಕ್ಯಾಥೊಲಿಕ್, ಒಬ್ಬರು ಕ್ರಿಶ್ಚಿಯನ್ ಸೈಂಟಿಸ್ಟ್, ಒಬ್ಬರು ಸಂಪ್ರದಾಯಸ್ಥ ಯಹೂದಿ, ಒಬ್ಬರು ಪ್ರೆಸ್ಬಿಟೇರಿಯನ್. ನಿಮ್ಮ ನಿಮ್ಮ ನಂಬಿಕೆಗೆ ಇದರಲ್ಲಿ ಏನಾದರೂ ವಿರುದ್ಧವಾಗಿದೆಯೇ ಎಂದು ವಿಚಾರಿಸಿದರು. ಇಲ್ಲ ಎಂದ ಮೇಲೆಯೇ ಮುಂದುವರಿದರು. ರೋಟರಿ ಇದನ್ನು 1943ರಲ್ಲಿ ತನ್ನದಾಗಿಸಿಕೊಂಡಿತು. ಇಂದು ಎಷ್ಟೋ ಸಭಾಂಗಣಗಳ ಗೋಡೆಯ ಮೇಲೆ ಆ ಪ್ರಶ್ನೆಗಳಿವೆ. ನನಗೆ ಪ್ರಶ್ನೆಗಳಿಗಿಂತ ಟೇಲರ್ ಮೊದಲೇ ಕೇಳಿದ ರೀತಿ ಹೆಚ್ಚು ಹಿಡಿಸಿತು. ಊಟದ ಪಟ್ಟಿ, ಸಭೆಯ ಹೊತ್ತು, ಸಭೆಯ ಜಾಗ ಇವನ್ನು ಗೊತ್ತುಮಾಡುವ ಮೊದಲು ನಾಲ್ಕು ಬೇರೆ ಬೇರೆ ಮನೆಯವರನ್ನು ಕೇಳಿದರೆ ನಮ್ಮ ಕ್ಲಬ್‌ಗಳ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಕೇಳದೆ ಬಿಟ್ಟವರ ಪಟ್ಟಿಯಲ್ಲಿ ಹೆಂಗಸರು ಬಹಳ ಕಾಲ ಇದ್ದರು. ರೋಟರಿಯ ನಿಯಮ ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1989ರಲ್ಲಿ. ಅದೂ ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರ. ಲಯನ್ಸ್ 1987ರಲ್ಲೇ ತೆರೆಯಿತು. ಈಗ ನಿಯಮ ಇದೆ, ಕುರ್ಚಿ ಇದೆ. ಆದರೆ ರಾತ್ರಿ ಒಂಬತ್ತಕ್ಕೆ ರೆಸಾರ್ಟಿನಲ್ಲಿ ಸಭೆ ಇಟ್ಟರೆ ಆ ಕುರ್ಚಿ ಖಾಲಿಯೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಮೇಷ್ಟ್ರು ಮಾಡಿದ್ದು ಮೊದಲನೆಯದು: ಸತತ ಎರಡು ಸಭೆಗೆ ಬಾರದವರ ಮನೆಗೆ ಒಬ್ಬರು ಹೋಗಬೇಕು, ಬಾಕಿ ಕೇಳುವವರು ಬೇರೆಯವರಿರಲಿ. ಹೊಸಬರಿಗೆ ಬ್ಯಾಡ್ಜ್ ತೊಡಿಸಿದ ವಾರವೇ ಒಂದು ಕೆಲಸ ಕೊಡಬೇಕು, ಸಣ್ಣದಾದರೂ ಸರಿ. ಶಿಬಿರದಲ್ಲಿ ಹೆಸರು ಬರೆದುಕೊಳ್ಳುವುದು, ಕುರ್ಚಿ ತರಿಸುವುದು. ವೇದಿಕೆ ಮೇಲೆ ಅಕ್ಕಪಕ್ಕ ಕೂತವರಿಗಿಂತ ಒಟ್ಟಿಗೆ ಶಾಮಿಯಾನ ಕಟ್ಟಿದವರು ಬೇಗ ಪರಿಚಿತರಾಗುತ್ತಾರೆ ಎಂಬುದು ನಮ್ಮ ಎನ್ನೆಸ್ಸೆಸ್ ಶಿಬಿರದಲ್ಲಿ ಎಲ್ಲರೂ ಕಂಡದ್ದೇ. ಸಭೆಯಲ್ಲಿ ತೋಟದವರು ಒಂದು ಮೇಜು, ವ್ಯಾಪಾರಿಗಳು ಇನ್ನೊಂದು, ಅಧಿಕಾರಿಗಳು ಮತ್ತೊಂದು ಎಂದು ಕೂರದಂತೆ ಚೀಟಿ ಎತ್ತಿ ಕೂರಿಸಬಹುದು. ಇವೆಲ್ಲಕ್ಕಿಂತ ಮುಖ್ಯ ಎಂದು ನಾನು ಭಾವಿಸುವುದು ಹಳೆಯ ರೂಢಿಯನ್ನೇ. ಸಭೆ ಮತ್ತೆ ತಿರುಗಬೇಕು. ಒಂದು ಸಲ ಔಷಧಿ ಅಂಗಡಿಯ ಹಿಂದಿನ ಕೋಣೆ, ಒಂದು ಸಲ ತೋಟದ ಕಾಫಿ ಕಣ, ಒಂದು ಸಲ ವರ್ಕ್‌ಶಾಪ್. ಒಬ್ಬರ ಕಸುಬಿನ ಜಾಗದಲ್ಲಿ ಕೂತಾಗ ಅವರ ಕಷ್ಟ ಕಣ್ಣಿಗೇ ಕಾಣುತ್ತದೆ, ಅವರ ಮನೆಗೆ ಹೋಗುವ ದಾರಿಯೂ ಗೊತ್ತಾಗುತ್ತದೆ.

ದಾರಿ ಗೊತ್ತಾಗುವುದು ನಮ್ಮ ಕಡೆ ಸಣ್ಣ ವಿಷಯ ಅಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಕುಸಿದವು. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ಅದು ಜೋರು ಮಳೆ ಬಂದಾಗಲೆಲ್ಲ ಮುಳುಗುವ ಸೇತುವೆಯೇ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಕರೆಂಟೂ ಇಲ್ಲ, ಫೋನೂ ಇಲ್ಲದ ಆ ದಿನಗಳು ನೆನಪಿವೆ. ಅಂಥ ಹೊತ್ತಿನಲ್ಲಿ ಅಕ್ಕಿ, ಹೊದಿಕೆ ಲಾರಿಯಲ್ಲಿ ಬರುತ್ತದೆ. ಆದರೆ ಯಾವ ಗುಡ್ಡದ ಹಿಂದೆ ಒಬ್ಬರೇ ಇರುವ ವಯಸ್ಸಾದವರಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆಯ ಔಷಧಿ ಮುಗಿದಿರಬಹುದು, ರಸ್ತೆ ಹೋದರೆ ತೋಟದೊಳಗಿನ ಕಾಲುದಾರಿ ಯಾವುದು, ಇವು ಲಾರಿಯಲ್ಲಿ ಬರುವುದಿಲ್ಲ. ಆ ಮನೆಯ ಜಗಲಿಯಲ್ಲಿ ಒಮ್ಮೆಯಾದರೂ ಕೂತು ಕಾಫಿ ಕುಡಿದವರಿಗೆ ಮಾತ್ರ ಅದು ಗೊತ್ತಿರುತ್ತದೆ. ಕ್ಲಬ್‌ನ ಸಭೆ ವರ್ಷವಿಡೀ ಒಂದೇ ಹೋಟೆಲಿನ ಹಾಲ್‌ನಲ್ಲಿ ನಡೆದಿದ್ದರೆ ಮೂವತ್ತು ಜನಕ್ಕೆ ಗೊತ್ತಿರುವುದು ಆ ಹಾಲ್‌ನ ದಾರಿ ಒಂದೇ.

ಕೊನೆಯದಾಗಿ ನಮ್ಮ ಘಟಕದ ವಿಷಯ. ರೋಟರಿಯವರು ಶಾಲಾ ಕಾಲೇಜಿನ 12ರಿಂದ 18 ವರ್ಷದವರಿಗಾಗಿ 1962ರಲ್ಲಿ ಇಂಟರಾಕ್ಟ್ ಎಂಬ ಕ್ಲಬ್ ಆರಂಭಿಸಿದರು. ಮೊದಲನೆಯದು ಅಮೆರಿಕದ ಫ್ಲಾರಿಡಾದಲ್ಲಿ, ಎರಡನೆಯದು ನಮ್ಮ ಪಕ್ಕದ ತಮಿಳುನಾಡಿನ ತಂಜಾವೂರಿನಲ್ಲಿ. ಹಾಗಾಗಿ ಇದು ದೊಡ್ಡ ನಗರದವರಿಗೆ ಮಾತ್ರ ಎಂದು ಹಿಂಜರಿಯುವುದು ಬೇಡ. ಪ್ರಾಂಶುಪಾಲರಲ್ಲೂ ಅಧ್ಯಾಪಕರಲ್ಲೂ ನನ್ನ ವಿನಂತಿ ಎರಡೇ. ನಮ್ಮ ಘಟಕ ಯಾವ ಹೆಸರಿನಲ್ಲೇ ಶುರುವಾಗಲಿ, ಊರಿನ ಬೇರೆ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಮೊದಲ ದಿನದಿಂದಲೇ ಕರೆಯಬೇಕು. ನಾವು ನಾವೇ ಕೂತರೆ ಈಗಾಗಲೇ ಇರುವ ಒಡನಾಟವೇ ಇರುತ್ತದೆ, ಹೊಸದು ಹುಟ್ಟುವುದಿಲ್ಲ. ಎರಡನೆಯದು, ಹಾಜರಿ ಪುಸ್ತಕದಲ್ಲಿ ಹೆಸರು, ತರಗತಿ, ಫೋನ್ ನಂಬರಿನ ಪಕ್ಕ 'ಮನೆಗೆ ದಾರಿ' ಎಂಬ ಒಂದು ಕಾಲಮ್ ಇರಬೇಕು. ಅದನ್ನು ಆ ಮನೆಗೆ ಹೋಗಿ ಬಂದ ಬೇರೊಬ್ಬ ಸದಸ್ಯರೇ ತುಂಬಬೇಕು. ಮಳೆ ಹಿಡಿಯುವ ಮೊದಲು, ಮೇ ತಿಂಗಳೊಳಗೆ ಆ ಕಾಲಮ್ ಭರ್ತಿಯಾದರೆ ಒಳ್ಳೆಯದು. ಮೊದಲ ಸಭೆಗೆ ತಮ್ಮ ಅಂಗಡಿ ಕೊಡಲು ಅಬ್ಬಾ ಒಪ್ಪಿದ್ದಾರೆ. ಮೆಣಸಿನ ಚೀಲಗಳನ್ನು ಒಂದು ಬದಿಗೆ ಒಟ್ಟಿದರೆ ಹದಿನೈದು ಜನ ಕೂರಬಹುದು. ಅವಲಕ್ಕಿ ನಮ್ಮದು, ಬಾಳೆಹಣ್ಣು ಯಾರಾದರೂ ತನ್ನಿ.